ಹಿತ್ತಿಲ ನೆಂಟರು: ಎರಡು ತಲೆ ಹಾವಿಗೆ ಇರುವುದು ಒಂದೇ ತಲೆ



ಈ ಸಲ ಗುಬ್ಬಚ್ಚಿ ಗೂಡಿನ ವಿಷಯ ಬರೆಯೋಣವೆಂದು ಕುಳಿತಿದ್ದೆ. ಅಷ್ಟರಲ್ಲಿ ಚಿತ್ರದುರ್ಗ ಸೀಮೆಯ ಒಬ್ಬ ಸೋದರಿಯ ಕಾಗದ ಬಂತು. ಓದಿದ ಮೇಲೆ ಗುಬ್ಬಚ್ಚಿಯನ್ನು ಪಕ್ಕಕ್ಕಿಟ್ಟೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರ ಮಾತಿನಲ್ಲೇ ಸ್ವಲ್ಪ ಕೇಳಿ:

“ಅಕ್ಕಾ, ಶೇಂಗಾ ಹೊಟ್ಟಿನ ಬಣವೆ ಕೆಡವುವಾಗ ಅಡಿಯಲ್ಲಿ ಒಂದು ಹಾವು ಸಿಕ್ತು. ಕೆಂಪುಗಂದು ಬಣ್ಣ, ತಲೆ ಯಾವುದು ಬಾಲ ಯಾವುದು ಗೊತ್ತೇ ಆಗೋದಿಲ್ಲ. ಎಲ್ಲರೂ ಎರಡು ತಲೆ ಹಾವು ಅಂತಾರೆ. ನಮ್ಮ ಭಾವನ ಮಗ ಬಂದು, ಬೆಂಗಳೂರಿನಲ್ಲಿ ಪಾರ್ಟಿ ಇದೆ, ಲಕ್ಷಗಟ್ಟಲೆ ಕೊಡ್ತಾರೆ ಅಂದ. ನಮ್ಮ ಮನೆಯವರು ಅದನ್ನು ಡ್ರಮ್ಮಿನಲ್ಲಿ ಹಾಕಿ ಉಗ್ರಾಣದಲ್ಲಿ ಇಟ್ಟಿದ್ದಾರೆ. ದಿನಾ ಹಾಲು, ಮೊಟ್ಟೆ ಇಡ್ತೀವಿ, ಮುಟ್ಟೋದಿಲ್ಲ. ಈಗ ಆ ಪಾರ್ಟಿಯವರು ಹಾವನ್ನು ಟೆಸ್ಟ್ ಮಾಡೋಕೆ ಮುಂಗಡ ಇಪ್ಪತ್ತು ಸಾವಿರ ಕೇಳ್ತಿದ್ದಾರಂತೆ. ನನ್ನ ಬೆಂಡೋಲೆ ಗಿರವಿ ಇಡೋಣ ಅಂತಾರೆ ಇವರು. ಅತ್ತೆಗೆ ಬೇರೆ ಭಯ, ಆ ಹಾವು ಮಗುವನ್ನು ನೆಕ್ಕಿದರೆ ಕುಷ್ಠ ಬರುತ್ತೆ ಅಂತ. ಇದರಲ್ಲಿ ಯಾವುದು ನಿಜ?”

ಸಂಚಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲವೆಂದು ಅದೇ ದಿನ ಅವರಿಗೆ ಉತ್ತರ ಬರೆದು ಅಂಚೆಗೆ ಹಾಕಿದೆ. ಆದರೆ ಇಂಥ ಡ್ರಮ್ಮು ಬೇರೆ ಉಗ್ರಾಣಗಳಲ್ಲೂ ಇರಬಹುದಲ್ಲ! ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಆ ಹಾವಿಗೆ ನಮ್ಮಲ್ಲಿ ಮಣ್ಣುಮುಕ್ಕ ಹಾವು ಎಂದೂ ಹೆಸರಿದೆ. ಹಿಂದಿಯವರು ದೋಮುಹಿ, ಅಂದರೆ ಎರಡು ಬಾಯಿಯದು, ಅನ್ನುತ್ತಾರೆ. ಶಾಸ್ತ್ರೀಯ ಹೆಸರು ಎರಿಕ್ಸ್ ಜಾನಿ. 1801ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟವನು ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ. ತರಂಗಂಬಾಡಿಯಲ್ಲಿದ್ದ ಜಾನ್ ಎಂಬ ಜರ್ಮನ್ ಪಾದ್ರಿಯ ನೆನಪಿಗೆ ಆ ಹೆಸರು. ಈ ರಸೆಲ್‌ನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇದು ವಿಷವಿಲ್ಲದ ಹಾವು. ಸಾಮಾನ್ಯವಾಗಿ ಎರಡು ಅಡಿ, ಹೆಚ್ಚೆಂದರೆ ಮೂರು ಅಡಿ ಬೆಳೆಯುತ್ತದೆ. ಸಿನಿಮಾದಲ್ಲಿ ತೋರಿಸುವ ಅನಕೊಂಡ ಇದೆಯಲ್ಲ, ಅದೂ ಇದೂ ಒಂದೇ ಬೋವಾ ಬಳಗದವು ಅಂದರೆ ನಂಬುತ್ತೀರಾ? ದೊಡ್ಡ ಮನೆತನದ ಬಡ ನೆಂಟ ಅನ್ನಿ. ಇರಾನಿನಿಂದ ಹಿಡಿದು ಪಾಕಿಸ್ತಾನ, ರಾಜಸ್ಥಾನದ ಥಾರ್ ಮರುಭೂಮಿ, ಅಲ್ಲಿಂದ ಕೆಳಕ್ಕೆ ನಮ್ಮ ಬಯಲುಸೀಮೆಯವರೆಗೆ ಇದರ ಸಂಸಾರ ಹರಡಿದೆ. ಒಣ ಹವೆ, ಸಡಿಲ ಮಣ್ಣು, ಇಲಿ — ಇಷ್ಟಿದ್ದರೆ ಅದಕ್ಕೆ ಸಾಕು. ನಮ್ಮ ಶೇಂಗಾ ಹೊಲದ ಉದುರು ಮಣ್ಣು ಅದಕ್ಕೆ ಮರಳುಗಾಡಿನ ತುಣುಕಿದ್ದ ಹಾಗೆ. ಆದರೆ ಅದರ ಮೈಕಟ್ಟು ಯಾಕೆ ಹಾಗಿದೆ ಎಂದು ತಿಳಿಯಬೇಕಾದರೆ ಮರಳುಗಾಡಿಗೇ ಹೋಗಬೇಕು.

ಥಾರ್ ಮರುಭೂಮಿಯ ಅಂಚಿನ ಫಲೋಡಿ ಎಂಬ ಊರಿನಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅದು ನೆರಳಿನ ಲೆಕ್ಕ. ಬಿಸಿಲಿಗೆ ಮೈಯೊಡ್ಡಿದ ಮರಳು ಇನ್ನೂ ಎಷ್ಟೋ ಹೆಚ್ಚು ಕಾಯುತ್ತದೆ. ಕಾಲಿಲ್ಲದೆ ಹೊಟ್ಟೆಯ ಮೇಲೆ ಹರಿಯುವ ಪ್ರಾಣಿ ಅಂಥ ಮರಳ ಮೇಲೆ ಮಧ್ಯಾಹ್ನ ಹೊರಟರೆ ಕಾದ ಹಂಚಿನ ಮೇಲೆ ಬಿದ್ದ ಹಾಗೆಯೇ. ಆದರೆ ಮರಳಿಗೊಂದು ಗುಣ ಇದೆ, ನಮಗೆಲ್ಲ ಗೊತ್ತಿರುವುದೇ. ಬೇಸಿಗೆಯಲ್ಲಿ ಮನೆ ಕಟ್ಟಲು ತಂದು ಸುರಿದ ಮರಳಿನ ರಾಶಿಯಲ್ಲಿ ಮಕ್ಕಳು ಆಡುತ್ತವಲ್ಲ? ಮೇಲೆ ಕಾಲಿಟ್ಟರೆ ಚುರುಕ್ ಅನ್ನುತ್ತದೆ, ಮೊಳಕೈವರೆಗೆ ಕೈ ಇಳಿಸಿದರೆ ತಂಪು. ಮರಳುಗಾಡಿನ ಸಣ್ಣ ಹಾವುಗಳ ಬದುಕೆಲ್ಲ ಈ ಒಂದು ಮೊಳದ ವ್ಯತ್ಯಾಸದಲ್ಲಿದೆ. ಹಗಲೆಲ್ಲ ಕೆಳಗೆ, ರಾತ್ರಿ ಮರಳು ಆರಿದ ಮೇಲೆ ಮೇಲಕ್ಕೆ.

ಮರಳಿನಲ್ಲಿ ಬಿಲ ನಿಲ್ಲುವುದಿಲ್ಲ, ತೋಡಿದಂತೆ ಕುಸಿಯುತ್ತದೆ. ಆದ್ದರಿಂದ ಈ ಹಾವುಗಳು ಬಿಲ ತೋಡುವ ಗೋಜಿಗೆ ಹೋಗದೆ ಮರಳಿನಲ್ಲಿ ಈಜುತ್ತವೆ. ಅದಕ್ಕೆ ಬೇಕಾದ ಸಲಕರಣೆಯೆಲ್ಲ ಮೈಯಲ್ಲೇ ಇದೆ. ಮಣ್ಣುಮುಕ್ಕನ ಮೂತಿ ಗುದ್ದಲಿಯ ಬಾಯಿಯಂತೆ ಚಪ್ಪಟೆ. ಕೆಳದವಡೆ ಒಂದಿಷ್ಟು ಒಳಕ್ಕೆ ಕುಳಿತಿದೆ, ಬಿಗಿಯಾದ ಡಬ್ಬಿಯ ಮುಚ್ಚಳದ ಹಾಗೆ, ಮುನ್ನುಗ್ಗುವಾಗ ಬಾಯಿಗೆ ಮಣ್ಣು ಹೋಗದು. (ಹೆಸರು ಮಣ್ಣುಮುಕ್ಕ, ಆದರೆ ಒಂದು ಚಿಟಿಕೆ ಮಣ್ಣನ್ನೂ ಮುಕ್ಕುವುದಿಲ್ಲ!) ಮೂಗಿನ ಹೊಳ್ಳೆ ಸೀಳಿನಷ್ಟು ಸಣ್ಣದು. ಕಣ್ಣು ಸಾಸಿವೆ ಕಾಳಿನ ಹಾಗೆ. ಕುತ್ತಿಗೆ ಎಂಬುದೇ ಇಲ್ಲ. ಮೈಯ ಹುರುಪೆಗಳು ಸಣ್ಣವು, ನುಣುಪು, ಎಣ್ಣೆ ಸವರಿದಂತೆ ಹೊಳೆಯುತ್ತವೆ.

ಈ ಈಜನ್ನು ಕಣ್ಣಾರೆ ನೋಡಿದವರೂ ಇದ್ದಾರೆ. ಅಮೆರಿಕದ ಮರುಭೂಮಿಗಳಲ್ಲಿ ಸಲಿಕೆ ಮೂತಿಯ ಹಾವು ಎಂದೊಂದು ಇದೆ. ನಮ್ಮ ಹಾವಿಗೆ ನೆಂಟನಲ್ಲ, ಬೇರೆ ಕುಲ. ಒಂದಡಿಯ ಆಸುಪಾಸಿನ ಪಟ್ಟೆ ಪಟ್ಟೆ ಹಾವು, ಚೇಳು, ಜರಿಹುಳು ತಿಂದುಕೊಂಡು ಬದುಕುತ್ತದೆ. 2015ರಲ್ಲಿ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ಹಾವಿನ ಮೈಗೆ ಸೀಸದ ಪುಟ್ಟ ಚುಕ್ಕೆಗಳನ್ನು ಅಂಟಿಸಿ, ಮರಳಿನೊಳಗೆ ಅದು ಹೇಗೆ ಹೋಗುತ್ತದೆ ಎಂದು ಎಕ್ಸ್‌ರೇಯಲ್ಲಿ ನೋಡಿದ ವರದಿ ಪ್ರಕಟಿಸಿದರು. ಲಂಗಕ್ಕೆ ಲಾಡಿ ಪೋಣಿಸುವಾಗ ಪಿನ್ನು ಹೋದ ದಾರಿಯಲ್ಲೇ ಲಾಡಿಯೆಲ್ಲ ಹೋಗುತ್ತದೆ ನೋಡಿ, ಹಾಗೆ ತಲೆ ಮಾಡಿದ ದಾರಿಯಲ್ಲೇ ಇಡೀ ಮೈ ಬಳುಕುತ್ತ ಹೋಗುತ್ತದೆ. ಮೈ ಉದ್ದ, ತೆಳ್ಳಗೆ, ಚರ್ಮ ಜಾರುವಂಥದ್ದು. ಹಾಗಾಗಿ ಮರಳಿನಲ್ಲಿ ಈಜುವ ಇನ್ನೊಂದು ಪ್ರಾಣಿಯಾದ ಮರಳುಮೀನೆಂಬ ಹಲ್ಲಿಗಿಂತಲೂ ಕಡಿಮೆ ಶ್ರಮದಲ್ಲಿ ಇದು ಸಾಗುತ್ತದೆಯೆಂದು ಕಂಡುಕೊಂಡರು.

ಮಣ್ಣುಮುಕ್ಕನ ಸೋದರಸಂಬಂಧಿಯೊಂದು ಅರೇಬಿಯಾದ ಮರಳುಗಾಡಿನಲ್ಲಿದೆ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಗಂಡಸರು ಮಸ್ಕತ್, ದುಬೈ ಎಂದು ದುಡಿಯುತ್ತಿದ್ದಾರೆ, ಅವರು ನಿತ್ಯ ಕಾಣುವ ಆ ಮರಳಿನಡಿಯಲ್ಲೇ ಇದರ ವಾಸ. ಹೆಸರು ಎರಿಕ್ಸ್ ಜಯಕರಿ. ಹೆಸರು ಕೇಳಿದರೇ ನಮ್ಮ ಕಡೆಯದು ಅನ್ನಿಸುತ್ತದಲ್ಲವೇ? ನಿಜ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆತ್ಮಾರಾಮ ಸದಾಶಿವ ಜಯಕರ ಎಂಬ ಭಾರತೀಯ ಡಾಕ್ಟರು ಬಹಳ ವರ್ಷ ಮಸ್ಕತ್‌ನಲ್ಲಿದ್ದರು. ರೋಗಿಗಳನ್ನು ನೋಡುವುದರ ಜೊತೆಗೆ ಅಲ್ಲಿಯ ಗಾದೆಗಳನ್ನು ಕೂಡಿಹಾಕಿದರು, ಮೀನು, ಹಾವು, ಹಲ್ಲಿಗಳನ್ನು ಜೋಪಾನ ಮಾಡಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕಳಿಸಿದರು. ಹಾಗೆ ಹೋದ ಒಂದು ಪುಟ್ಟ ಹಾವಿಗೆ 1888ರಲ್ಲಿ ಬುಲೆಂಜರ್ ಎಂಬ ವಿಜ್ಞಾನಿ ಅವರ ಹೆಸರನ್ನೇ ಇಟ್ಟ. ಅರೇಬಿಯಾದ ಕಾಡುಮೇಕೆಯಂಥ ಒಂದು ಪ್ರಾಣಿಗೂ ಅವರದೇ ಹೆಸರಿದೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಮಾತ್ರ ಅವರ ಹೆಸರು ಕಂಡ ನೆನಪು ನನಗಿಲ್ಲ.

ಜಯಕರರ ಈ ಹಾವು ಒಂದೂವರೆ ಅಡಿ ಮೀರುವುದು ಅಪರೂಪ. ಇದರ ಎರಡು ಕಣ್ಣೂ ತಲೆಯ ನೆತ್ತಿಯ ಮೇಲಿವೆ! ಮೈಯೆಲ್ಲ ಮರಳಿನಲ್ಲಿ ಹುದುಗಿಸಿ ಕಣ್ಣೆರಡನ್ನೇ ಹೊರಗಿಟ್ಟು ರಾತ್ರಿ ಕಾಯುತ್ತ ಬಿದ್ದಿರುತ್ತದೆ. ಹಲ್ಲಿಯೊಂದು ಪಕ್ಕದಲ್ಲಿ ಹಾದರೆ ಮುಗಿಯಿತು.

ಇನ್ನೊಂದು ಸೋಜಿಗ ಬಾಣಂತನದ್ದು. ಮಣ್ಣುಮುಕ್ಕ ಮೊಟ್ಟೆ ಇಡುವುದಿಲ್ಲ. ಮರಿಗಳು ತಾಯಿಯ ಹೊಟ್ಟೆಯಲ್ಲೇ ಬೆಳೆದು ಜೀವಂತವಾಗಿ ಹುಟ್ಟುತ್ತವೆ, ಒಂದು ಬಸಿರಿಗೆ ಹದಿನಾಲ್ಕರವರೆಗೂ. ಈ ಬಳಗದ ಹೆಚ್ಚಿನ ಹಾವುಗಳ ಪದ್ಧತಿಯೇ ಇದು. ಜಯಕರರ ಹಾವು ಮಾತ್ರ ಮೊಟ್ಟೆ ಇಡುತ್ತದೆ. ಅದರ ಪೂರ್ವಿಕರು ಮರಿ ಹಾಕುತ್ತಿದ್ದವು, ಇದು ಮತ್ತೆ ಮೊಟ್ಟೆಗೆ ಹಿಂದಿರುಗಿದೆ ಎಂಬ ವಾದವನ್ನು 2010ರಲ್ಲಿ ಇಬ್ಬರು ವಿಜ್ಞಾನಿಗಳು ಮುಂದಿಟ್ಟರು. ಅವರು ತೋರಿಸಿದ ಗುರುತು ಏನು ಗೊತ್ತೇ? ಮೊಟ್ಟೆಯಿಂದ ಬರುವ ಹಾವಿನ ಮರಿಗಳಿಗೆ ಸಿಪ್ಪೆ ಸೀಳಲು ಮೂತಿಯ ತುದಿಯಲ್ಲಿ ಒಂದು ಪುಟ್ಟ ಹಲ್ಲಿರುತ್ತದೆ. ಇದರ ಮರಿಗೆ ಆ ಹಲ್ಲೇ ಇಲ್ಲ. ಅಜ್ಜಿಯ ಕಾಲದಲ್ಲೇ ಬಿಟ್ಟುಹೋದ ಪದ್ಧತಿಯನ್ನು ಮೊಮ್ಮಗಳು ಮತ್ತೆ ಹಿಡಿದಳು, ಅಜ್ಜಿಯ ಈಳಿಗೆಮಣೆ ಮಾತ್ರ ಸಿಗಲಿಲ್ಲ ಅಂದ ಹಾಗೆ!

ಬಾಣಂತನದ ಮಾತು ಸಾಕು, ಈಗ ಬಾಲಕ್ಕೆ ಬರೋಣ. ಜಗಳವೆಲ್ಲ ಇರುವುದು ಅಲ್ಲೇ.

ಮಣ್ಣುಮುಕ್ಕನ ಬಾಲ ಬೇರೆ ಹಾವುಗಳಂತೆ ಚೂಪಾಗಿ ಮುಗಿಯುವುದಿಲ್ಲ. ಲಟ್ಟಣಿಗೆಯ ಹಾಗೆ ಎರಡೂ ತುದಿ ಹೆಚ್ಚುಕಡಿಮೆ ಒಂದೇ ತೆರ. ಮರಳ ಮೇಲೆ ನರಿ, ಮುಂಗುಸಿ, ಗೂಬೆ ಎದುರಾದಾಗ ಓಡಿ ತಪ್ಪಿಸಿಕೊಳ್ಳುವ ಚುರುಕು ಇದಕ್ಕಿಲ್ಲ, ಕಚ್ಚಿ ಕೊಲ್ಲಲು ವಿಷವೂ ಇಲ್ಲ. ಆಗ ಏನು ಮಾಡುತ್ತದೆ ಅಂದರೆ, ಮೈ ಸುರುಳಿ ಸುತ್ತಿ ತಲೆಯನ್ನು ಒಳಗೆ ಬಚ್ಚಿಟ್ಟು ಬಾಲವನ್ನು ಮೇಲೆತ್ತಿ ಆಡಿಸುತ್ತದೆ. ವೈರಿ ಅದನ್ನೇ ತಲೆಯೆಂದು ಕಚ್ಚುತ್ತಾನೆ. ಬಾಲಕ್ಕೆ ಗಾಯವಾದರೆ ಮಾಯುತ್ತದೆ, ತಲೆ ಹೋದರೆ ಜೀವವೇ ಹೋಗುತ್ತದೆ. ಅಷ್ಟೇ ರೀ ಆ ಎರಡನೆಯ ತಲೆಯ ರಹಸ್ಯ. ಆರು ತಿಂಗಳು ಒಂದು ತಲೆ, ಆರು ತಿಂಗಳು ಇನ್ನೊಂದು ತಲೆ ಕೆಲಸ ಮಾಡುತ್ತದೆ ಅಂತ ನಾನೂ ಚಿಕ್ಕಂದಿನಲ್ಲಿ ಕೇಳಿದ್ದೆ, ನಂಬಿಯೂ ಇದ್ದೆ. ಹಿಂದೆ ಹಾವಾಡಿಗರು ಬಾಲದ ತುದಿಗೆ ಗಾಯ ಮಾಡಿ ಕಣ್ಣು, ಬಾಯಿಯ ಆಕಾರ ಬರಿಸಿ ಸಂತೆಯಲ್ಲಿ ತೋರಿಸುತ್ತಿದ್ದುದೂ ಉಂಟು. ಆ ನೋವು ಆ ಮೂಕಪ್ರಾಣಿಗೆ ಗೊತ್ತು.

ಮುಂಗುಸಿಯಿಂದ ಕಾಪಾಡಿದ ಆ ಬಾಲವೇ ಮನುಷ್ಯರ ಕೈಗೆ ಅದನ್ನು ಹಿಡಿದುಕೊಟ್ಟಿತು. ಎರಡು ತಲೆ ಇದ್ದರೆ ಮನೆಗೆ ಅದೃಷ್ಟವಂತೆ, ನಿಧಿ ತೋರಿಸುತ್ತದಂತೆ, ಕ್ಯಾನ್ಸರಿಗೆ, ಏಡ್ಸಿಗೆ ಮದ್ದಂತೆ! ಯಾವ ವೈದ್ಯಶಾಸ್ತ್ರದಲ್ಲೂ ಇದಕ್ಕೆ ಆಧಾರವಿಲ್ಲ. ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿ ಇಂಡಿಯಾ ಎಂಬ ಸಂಸ್ಥೆ ಪತ್ರಿಕಾ ವರದಿಗಳನ್ನು ಕೂಡಿಸಿ ಲೆಕ್ಕ ಹಾಕಿದಾಗ 2016ರಿಂದ 2021ರವರೆಗೆ ಈ ಹಾವನ್ನು ಸಾಗಿಸುವಾಗ ಸಿಕ್ಕಿಬಿದ್ದ ಪ್ರಕರಣಗಳೇ 172 ಇದ್ದವು. ಇವು ಸಿಕ್ಕಿಬಿದ್ದವು ಮಾತ್ರ. ಮೊಬೈಲಿನಲ್ಲಿ ವಿಡಿಯೊ ಹಾಕಿ ವ್ಯಾಪಾರ ಕುದುರಿಸುವುದೂ ನಡೆಯುತ್ತಿದೆ.

ಮೋಸ ನಡೆಯುವ ರೀತಿಯನ್ನು ನೋಡಿ, ಬುದ್ಧಿವಂತಿಕೆಯದು. ಇಷ್ಟು ಕೆಜಿ ತೂಕ ಇದ್ದರೆ ಮಾತ್ರ ಬೆಲೆ ಅನ್ನುತ್ತಾರೆ. ಎರಡಡಿಯ ಹಾವು ಅಷ್ಟು ತೂಗುವುದು ಎಲ್ಲಿಂದ? ನೀವು ಅದನ್ನು ಡ್ರಮ್ಮಿನಲ್ಲಿಟ್ಟು ಕೊಬ್ಬಿಸುತ್ತ ಕೂಡುತ್ತೀರಿ. ಅಷ್ಟರಲ್ಲಿ ಟೆಸ್ಟಿಗೆ ಮುಂಗಡ, ದೊಡ್ಡ ಪಾರ್ಟಿಯ ಕಾರಿನ ಖರ್ಚು, ಮಧ್ಯವರ್ತಿಯ ಕಮಿಷನ್ನು ಎಂದು ಹಣ ನಿಮ್ಮಿಂದ ಅತ್ತ ಹೋಗುತ್ತಲೇ ಇರುತ್ತದೆ. ಕೊಳ್ಳುವವನು ಬರುವುದಿಲ್ಲ. ಯಾಕೆಂದರೆ ಅಂಥವನು ಇರಲೇ ಇಲ್ಲ. ಮೋಸ ಹೋದೆವೆಂದು ಪೋಲೀಸಿಗೆ ದೂರು ಕೊಡೋಣವೆಂದರೆ ಅದಕ್ಕೂ ಬಾಯಿಲ್ಲ, ಹಾವು ಇಟ್ಟುಕೊಂಡದ್ದೇ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈ ಹಾವನ್ನು ಹಿಡಿಯುವುದು, ಸಾಕುವುದು, ಮಾರುವುದು, ಕೊಳ್ಳುವುದು ಎಲ್ಲವೂ ಜೈಲು, ದಂಡಕ್ಕೆ ಗುರಿಯಾಗುವ ಅಪರಾಧ. ಮೋಸಗಾರನಿಗೆ ಇದೆಲ್ಲ ಚೆನ್ನಾಗಿ ಗೊತ್ತು.

ಇನ್ನು ಅತ್ತೆಯವರ ಭಯ. ಹಾವು ಯಾರನ್ನೂ ನೆಕ್ಕುವುದಿಲ್ಲ ತಾಯಿ. ಅದು ನಾಲಗೆ ಚಾಚುವುದು ಮೂಸಿ ನೋಡಲಿಕ್ಕೆ. ಗಾಳಿಯ ವಾಸನೆಯನ್ನು ನಾಲಗೆಗೆ ಹಚ್ಚಿಕೊಂಡು ಬಾಯಿಯ ಅಂಗುಳಲ್ಲಿರುವ ಒಂದು ಅಂಗಕ್ಕೆ ಒಪ್ಪಿಸುತ್ತದೆ. ಕುಷ್ಠ ಬರುವುದು ಕಣ್ಣಿಗೆ ಕಾಣದ ಒಂದು ರೋಗಾಣುವಿನಿಂದ. ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯ ಅದನ್ನು 1873ರಲ್ಲೇ ಕಂಡುಹಿಡಿದ. ಔಷಧಿ ತೆಗೆದುಕೊಂಡರೆ ಪೂರ್ತಿ ಗುಣವಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುತ್ತಾರೆ. ಮಗುವಿನ ಮೈಮೇಲೆ ಸ್ಪರ್ಶ ತಿಳಿಯದ ತಿಳಿ ಮಚ್ಚೆ ಕಂಡರೆ ಹಾವನ್ನು ಬೈಯುತ್ತ ಕೂರದೆ ಡಾಕ್ಟರಿಗೆ ತೋರಿಸಿ. ಹಾಗೆಯೇ ತೊನ್ನು ಬೇರೆ, ಕುಷ್ಠ ಬೇರೆ. ತೊನ್ನು ಅಂಟುರೋಗವೇ ಅಲ್ಲ.

ಹಾಲು, ಮೊಟ್ಟೆ ಯಾಕೆ ಮುಟ್ಟುತ್ತಿಲ್ಲ ಎಂದರೆ, ಅದರ ಊಟ ಇಲಿ. ಇಲಿಯನ್ನು ಮೈಯಿಂದ ಸುತ್ತಿ ಬಿಗಿದು ಕೊಂದು ನುಂಗುತ್ತದೆ. ಶೇಂಗಾ ಹೊಟ್ಟಿನ ಬಣವೆಯ ಅಡಿಗೆ ಬಂದದ್ದು ನಿಮ್ಮ ಮನೆಗೆ ನಿಧಿ ತೋರಿಸಲು ಅಲ್ಲ, ಶೇಂಗಾ ತಿನ್ನಲು ಬಂದ ಇಲಿಯ ಹಿಂದೆ.

ಇಷ್ಟೆಲ್ಲ ಓದಿ, ಪಾಪದ ಹಾವು ಅಂತ ಯಾರೂ ಕೈ ಹಾಕಲು ಹೋಗಬೇಡಿ. ಇದನ್ನು ನಾನು ಒತ್ತಿ ಹೇಳಬೇಕು. ಮಣ್ಣುಮುಕ್ಕನಿಗೆ ಒರಟು ಮೈಯ ಒಬ್ಬ ತಮ್ಮನಿದ್ದಾನೆ, ಎರಿಕ್ಸ್ ಕೋನಿಕಸ್. ಅದೂ ವಿಷವಿಲ್ಲದ್ದೇ. ಆದರೆ ಮೈಮೇಲೆ ಕಂದು ಮಚ್ಚೆಗಳಿದ್ದು, ದಪ್ಪಗೆ ಮುದುರಿ ಕುಳಿತರೆ ನೋಡಲು ಥೇಟು ಕೊಳಕುಮಂಡಲದ ಹಾಗೆಯೇ ಇರುತ್ತದೆ. ಕೊಳಕುಮಂಡಲವೋ, ನಮ್ಮ ದೇಶದಲ್ಲಿ ಅತಿ ಹೆಚ್ಚು ಜೀವ ತೆಗೆಯುವ ಹಾವುಗಳಲ್ಲಿ ಒಂದು. ಇಂಗ್ಲಿಷಿನಲ್ಲಿ ಅದಕ್ಕೆ ಆ ಹಳೆಯ ರಸೆಲ್ ಸಾಹೇಬನದೇ ಹೆಸರು. ಕೊಳಕುಮಂಡಲದ ಮಚ್ಚೆಗಳು ಸರಪಳಿಯ ಕೊಂಡಿಗಳಂತೆ ಮೂರು ಸಾಲು, ತಲೆ ತ್ರಿಕೋನ, ಕೆಣಕಿದರೆ ಕುಕ್ಕರ್ ಕೂಗಿದ ಹಾಗೆ ಬುಸುಗುಡುತ್ತದೆ. ಮಣ್ಣುಹಾವಿನ ಮಚ್ಚೆ ಅಡ್ಡಾದಿಡ್ಡಿ, ಬಾಲ ಮೋಟು. ಪುಸ್ತಕದಲ್ಲಿ ಇಷ್ಟು ಸುಲಭ. ಸಂಜೆ ಮಬ್ಬಿನಲ್ಲಿ ಸೌದೆ ಒಟ್ಟಿಲ ಕೆಳಗೆ ಅಷ್ಟು ಸುಲಭವಲ್ಲ. ಮರಳುಹಾವು ಎಂದು ತಿಳಿದು ಕೊಳಕುಮಂಡಲವನ್ನು ಹಿಡಿದರೆ ಜೀವಕ್ಕೇ ಎರವು. ಗುರುತು ಹಿಡಿಯುವ ಕೆಲಸ ಬಲ್ಲವರಿಗೆ ಬಿಡಿ. ಬಣವೆ, ಸೌದೆ, ಬೆರಣಿ ತೆಗೆಯುವಾಗ ಮೊದಲು ಕೋಲಿನಿಂದ ತಟ್ಟಿ, ಕತ್ತಲಲ್ಲಿ ಹಿತ್ತಿಲಿಗೆ ಹೋಗುವಾಗ ಟಾರ್ಚು ಹಿಡಿಯಿರಿ.

ಯಾವ ಹಾವೇ ಕಚ್ಚಲಿ, ಕಟ್ಟು ಬಿಗಿಯುವುದು, ಕುಯ್ಯುವುದು, ಬಾಯಿಂದ ಹೀರುವುದು, ನಾಟಿ ಮದ್ದು ಹಚ್ಚುವುದು ಬೇಡ. ಕೈಗೆ ಕಚ್ಚಿದ್ದರೆ ಬಳೆ, ಉಂಗುರ ತೆಗೆದುಬಿಡಿ, ಬಾವು ಬಂದ ಮೇಲೆ ಅವು ಬಿಗಿಯುತ್ತವೆ. ಕಚ್ಚಿದ ಭಾಗವನ್ನು ಅಲುಗಾಡಿಸದೆ ಹಾವಿನ ವಿಷಕ್ಕೆ ಪ್ರತಿವಿಷ ಕೊಡುವ ಆಸ್ಪತ್ರೆಗೆ ಕರೆದೊಯ್ಯಿರಿ. ತಡ ಮಾಡಬೇಡಿ, ಹಾವು ಯಾವುದೆಂದು ಹುಡುಕುತ್ತ ಹೊತ್ತು ಕಳೆಯಬೇಡಿ.

ನಮ್ಮ ಚಿತ್ರದುರ್ಗದ ಸೋದರಿಗೆ ನಾನು ಬರೆದದ್ದು ಇಷ್ಟು. ಮನೆಯವರ ಹತ್ತಿರ ಜಗಳ ಮಾಡಬೇಡಿ, ರಾತ್ರಿ ಊಟವಾದ ಮೇಲೆ ಸಾವಧಾನವಾಗಿ ಹೇಳಿ. “ಕೊಳ್ಳುವವನು ಲಕ್ಷ ಕೊಡೋ ಹಾಗಿದ್ದರೆ, ಇಪ್ಪತ್ತು ಸಾವಿರ ನಮ್ಮ ಹತ್ತಿರ ಯಾಕೆ ಕೇಳ್ತಾನೆ? ಅದರಲ್ಲೇ ಮುರ್ಕೊಂಡು ಕೊಡಲಿ” ಅಂತ ಒಂದೇ ಒಂದು ಮಾತು ಕೇಳಿ ನೋಡಿ. ಆಮೇಲೆ ಊರಿನ ಮೇಷ್ಟ್ರನ್ನೋ ಪಂಚಾಯತಿ ಸದಸ್ಯರನ್ನೋ ಜೊತೆಗೆ ಕರೆದುಕೊಂಡು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಹಾವನ್ನು ಒಪ್ಪಿಸಿ. ತಾವಾಗಿ ಬಂದು ಒಪ್ಪಿಸುವುದಕ್ಕೂ ಮಾರುವಾಗ ಸಿಕ್ಕಿಬೀಳುವುದಕ್ಕೂ ಬಹಳ ಅಂತರವಿದೆ. ಅಲ್ಲಿಯವರೆಗೆ ಡ್ರಮ್ಮಿನ ಬಾಯಿಗೆ ಗಾಳಿಯಾಡುವ ಬಟ್ಟೆ ಕಟ್ಟಿ, ನೆರಳಿನಲ್ಲಿಡಿ. ಹಾಲಿನ ಲೋಟ ತೆಗೆದು ಒಂದು ಚಿಪ್ಪಿನಲ್ಲಿ ನೀರಿಡಿ. ಮಕ್ಕಳು ಹತ್ತಿರ ಹೋಗದಂತೆ ಉಗ್ರಾಣಕ್ಕೆ ಚಿಲಕ ಹಾಕಿ. ಬೆಂಡೋಲೆ ಕಿವಿಯಿಂದ ತೆಗೆಯಬೇಡಿ.

ಇದನ್ನು ಅಚ್ಚಿಗೆ ಕಳಿಸುವ ಹೊತ್ತಿಗೆ ಅವರಿಂದ ಎರಡನೆಯ ಕಾಗದ ಬಂದಿಲ್ಲ. ಬಂದರೆ ತಿಳಿಸುತ್ತೇನೆ. ಗುಬ್ಬಚ್ಚಿ ಮುಂದಿನ ಸಂಚಿಕೆಗೆ.